ಡಿಟ್ರಿಮೆಂಟ್, ಡಿನಿಗ್ರೇಟ್, ಎರೋಡ್: ಬೇರು ಹಿಡಿದರೆ ಗೊಂದಲ ಕಮ್ಮಿ

ತುಮಕೂರಲ್ಲಿ ಪರೀಕ್ಷೆಗೆ ಓದ್ತಿರೋರಿಗೆ ಒಂದು ಸಲಹೆ. ಇಂಗ್ಲಿಷಿನ ಈ ಪದಗಳಿಗೆಲ್ಲ 'ಹಾನಿ' ಅಂತ ಒಂದೇ ಅರ್ಥ ಬರೆದುಕೊಳ್ಳಬೇಡಿ, ಆಯ್ಕೆ ಕೊಟ್ಟಾಗ ಎಡವೋದು ಅಲ್ಲೇ.

ಲ್ಯಾಟಿನ್ನಿನಲ್ಲಿ 'ಟೆರೆರೆ' ಅಂದರೆ ಉಜ್ಜು. ಅದರಿಂದ ಬಂದವು ಡಿಟ್ರಿಮೆಂಟ್ (ಹಾನಿ, ಕೆಡುಕು), ಅಟ್ರಿಷನ್. ರಾಗಿ ಬೀಸಿ ಬೀಸಿ ಕಲ್ಲಿನ ಹಲ್ಲು ಸವೆಯುತ್ತಲ್ಲ, ಅಟ್ರಿಷನ್ ಅಂದರೆ ಅದು. ಬಳಸಿ ಬಳಸಿ ಸವಕಲಾದ ಮಾತು ಟ್ರೈಟ್, ಬೇರು ಅದೇ. 'ರೋಡೆರೆ' ಅಂದರೆ ಕಡಿ: ಎರೋಡ್, ಕರೋಡ್, ರೋಡೆಂಟ್. ಪಾವಗಡದ ಕಡಲೆಕಾಯಿ ಮೂಟೆಗೆ ಬಿದ್ದ ಇಲಿ ನೆನಪಿಟ್ಟುಕೊಳ್ಳಿ, ಸಾಕು. ಮಳೆನೀರು ಹೊಲದ ಮಣ್ಣು ಕೊಚ್ಚಿದರೆ ಎರೋಡ್, ಬೋರ್‌ವೆಲ್ ಕಬ್ಬಿಣದ ಪೈಪನ್ನು ತುಕ್ಕು ತಿಂದರೆ ಕರೋಡ್.

ಡಿನಿಗ್ರೇಟ್ ಸುಲಭ. 'ನೈಗರ್' ಅಂದರೆ ಕಪ್ಪು, ನಮ್ಮ 'ಮಸಿ ಬಳಿಯೋದು' ಅಂತಲೇ ಇಟ್ಟುಕೊಳ್ಳಿ. ಡಿಸ್ಪ್ಯಾರೇಜ್ ಹಳೇ ಫ್ರೆಂಚ್‌ನದು. ಸಮ ಅಲ್ಲದ ಮನೆತನಕ್ಕೆ ಮದುವೆ ಮಾಡಿಕೊಡೋದು ಅನ್ನೋ ಅರ್ಥದಿಂದ ಕೀಳು ಮಾಡಿ ಮಾತಾಡೋದಕ್ಕೆ ಬಂತು.

ಹೆಚ್ಚು ಜನ ತಪ್ಪೋದು ಇಲ್ಲಿ: ಡೆಪ್ರಿಕೇಟ್ ಅಂದರೆ ಒಪ್ಪದೆ ಆಕ್ಷೇಪಿಸೋದು, ಡೆಪ್ರಿಶಿಯೇಟ್ ಅಂದರೆ ಬೆಲೆ ಇಳಿಯೋದು. ಟ್ರ್ಯಾಕ್ಟರ್ ಡೆಪ್ರಿಶಿಯೇಟ್ ಆಗುತ್ತೆ, ಡೆಪ್ರಿಕೇಟ್ ಆಗಲ್ಲ.

ಡಿಟ್ರಿಮೆಂಟಲ್ ಜೊತೆ 'ಟು', ಡಿಟ್ರ್ಯಾಕ್ಟ್ (ಬೆಲೆ, ಸೊಗಸು ಕುಗ್ಗಿಸೋದು) ಜೊತೆ 'ಫ್ರಮ್'. ಡಿಸ್ಪ್ಯಾರೇಜ್‌ಗೆ ಯಾವುದೂ ಬೇಡ, ನೇರ ಕರ್ಮಪದ ಬರಲಿ. ಡ್ಯಾಮೇಜ್‌ಗೆ ಕೊನೆಯಲ್ಲಿ 'ಎಸ್' ಸೇರಿ ಕೋರ್ಟಿನ ಮಾತಲ್ಲಿ ಬಂದರೆ ನಷ್ಟ ಅಲ್ಲ, ನಷ್ಟ ಪರಿಹಾರದ ದುಡ್ಡು.