ಸಮಾಧಿ ಇಲ್ಲದ ಹುಡುಗನನ್ನು ನೆನೆಯುವುದು ಹೇಗೆ

ನಮ್ಮಜ್ಜಿಯ ಅಣ್ಣ 1944ರಲ್ಲಿ ಬರ್ಮಾ ಕಡೆ ವೆಂಜನ್ಸ್ ಎಂಬ ಬಾಂಬರ್ ವಿಮಾನದಲ್ಲಿ ಹೋದವರು ತಿರುಗಿ ಬರಲಿಲ್ಲ. ಆಗ ವಯಸ್ಸು 21. ದೇಹ ಸಿಗಲಿಲ್ಲ. ಪುಣೆಯ ನಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಅಪ್ಪ ಈಗಲೂ ಫೋಟೋದಲ್ಲಿರುವ ಆ ಹುಡುಗನನ್ನು ‘ಮಾಮಾ’ ಅಂತಲೇ ಕರೆಯುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಫೋಟೋ ಇದ್ದರೆ, ಹೀಗೆ ಶುರು ಮಾಡಿ.

ಮೊದಲು ಟ್ರಂಕು ತೆಗೆಯಿರಿ. ಹಳೇ ಟೆಲಿಗ್ರಾಂ, ಪತ್ರದ ಲಕೋಟೆ, ಪದಕದ ಡಬ್ಬಿ, ಎಲ್ಲಾ ನೋಡಿ. ಸರ್ವಿಸ್ ನಂಬರ್, ಅಂದರೆ ಸೇನೆ ಪ್ರತಿಯೊಬ್ಬರಿಗೂ ಕೊಟ್ಟ ಗುರುತಿನ ಸಂಖ್ಯೆ, ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟ್‌ನಲ್ಲಿ ಹುಡುಕಿ, ದುಡ್ಡು ಕೊಡಬೇಕಿಲ್ಲ. ನಮ್ಮ ಹೆಸರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಆಗ ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದಾರೆ, ಅದಕ್ಕೇ ಪೂರ್ತಿ ಹೆಸರು ಹಾಕಿ ‘ಸಿಗಲಿಲ್ಲ’ ಅಂತ ಬಿಡಬೇಡಿ, ಬರೀ ಅಡ್ಡಹೆಸರು ಹಾಕಿ, ಇಲ್ಲವೇ ಬರೀ ತಾರೀಖು ಹಾಕಿ ನೋಡಿ.

ಸಮಾಧಿ ಇಲ್ಲದವರ ಹೆಸರು ಕಲ್ಲಿನ ಮೇಲೆ ಇರುತ್ತದೆ. ದಕ್ಷಿಣ ಮತ್ತು ಪೂರ್ವ ಏಷ್ಯಾದ ಆಕಾಶದಲ್ಲಿ ಹೋದವರಾದರೆ ಸಿಂಗಾಪುರದ ಕ್ರಾಂಜಿಯಲ್ಲಿ, ಅಲ್ಲಿ 24,000ಕ್ಕೂ ಹೆಚ್ಚು ಹೆಸರುಗಳಿವೆ. ಇಂಗ್ಲೆಂಡಿನಿಂದ ಹಾರಿದವರಾದರೆ ಅಲ್ಲಿನ ರನ್ನಿಮೀಡ್‌ನಲ್ಲಿ, 1953ರಲ್ಲಿ ತೆರೆದ ಸ್ಮಾರಕದ ಗೋಡೆಗಳಲ್ಲಿ, 20,000ಕ್ಕೂ ಹೆಚ್ಚು. ಹೆಸರು ಯಾವ ಫಲಕದಲ್ಲಿದೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಅತ್ತ ಹೋಗುವವರು ಯಾರಾದರೂ ಸಿಕ್ಕಾಗ ಫೋಟೋ ತರಿಸಬಹುದು.

ತಾರೀಖಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ರಾತ್ರಿ ದಾಳಿಗೆ ಒಂದು ತಾರೀಖಿಗೆ ಹೊರಟು ಮರುದಿನ ಬೆಳಗಿನ ಜಾವ ಸತ್ತವರು ತುಂಬಾ ಜನ, ಅದಕ್ಕೇ ಎರಡೂ ತಾರೀಖು ಹಾಕಿ ನೋಡಿ.

ಜೊತೆಗಿದ್ದವರನ್ನೂ ಹುಡುಕಿ, ಇದನ್ನು ಬಿಡಲೇಬೇಡಿ. ವೆಂಜನ್ಸ್‌ನಲ್ಲಿ ಇಬ್ಬರು, ಲ್ಯಾಂಕಾಸ್ಟರ್ ಎಂಬ ಬ್ರಿಟಿಷರ ದೊಡ್ಡ ಬಾಂಬರ್‌ನಲ್ಲಿ ಏಳು ಜನ. 1943ರ ಮೇ ತಿಂಗಳಲ್ಲಿ ಜರ್ಮನಿಯ ಅಣೆಕಟ್ಟುಗಳ ಮೇಲೆ ದಾಳಿಗೆ ಹೋದ ಒಂದು ಲ್ಯಾಂಕಾಸ್ಟರ್ ಡಚ್ ಕರಾವಳಿಯ ಸಮುದ್ರಕ್ಕೆ ಬಿತ್ತು. ಹಿಂದಿನ ಗನ್ನರ್‌ನ ದೇಹ ಮಾತ್ರ ಸಿಕ್ಕಿತು. ಅವನಿಗೆ ಹಾರ್ಲಿಂಗನ್ ಊರಿನಲ್ಲಿ ಸಮಾಧಿ ಇದೆ, ಉಳಿದ ಆರು ಜನ ರನ್ನಿಮೀಡ್‌ನಲ್ಲಿ ಬರೀ ಹೆಸರು. ಒಂದೇ ವಿಮಾನ, ಅಲ್ವಾ? ಮಾಮಾನ ಹೆಸರು ಹೇಳುವಾಗ ನಾವು ಜೊತೆಗಿದ್ದ ಆ ಇನ್ನೊಬ್ಬ ಹುಡುಗನ ಹೆಸರನ್ನೂ ಹೇಳುತ್ತೇವೆ.

ಇನ್ನು ದಿನ. ಆಯುಧದಿಂದ ಸತ್ತವರಿಗೆ ಪಿತೃಪಕ್ಷದ ಚತುರ್ದಶಿ, ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ, ಇದು ನಮ್ಮಲ್ಲಿ ಮೊದಲಿಂದಲೂ ಇದೆ. ಆದರೆ ಮನೆಯ ಹಿರಿಯರು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ನಮ್ಮ ಮುತ್ತಜ್ಜಿ ಕೊನೆಯವರೆಗೂ ಶ್ರಾದ್ಧಕ್ಕೆ ಒಪ್ಪಲಿಲ್ಲ. ಟೆಲಿಗ್ರಾಂನಲ್ಲಿ ಬಂದದ್ದು ‘ಕಾಣೆಯಾಗಿದ್ದಾರೆ’ ಅಂತ, ಸತ್ತಿದ್ದಾರೆ ಅಂತ ಅಲ್ಲ. ರಾತ್ರಿ ಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿರಲಿಲ್ಲವಂತೆ. ಅವರು ಹೋದ ಮೇಲೆಯೇ ಅಜ್ಜಿ ಅಣ್ಣನಿಗೆ ಎಡೆ ಇಡಲು ಶುರು ಮಾಡಿದ್ದು.

ಹೋಗಿ ನಿಲ್ಲಲು ಒಂದು ಜಾಗ ಬೇಕು ಅನ್ನಿಸಿದರೆ, ಪುಣೆಯವರಿಗೆ ಖಡಕಿಯ ಯುದ್ಧ ಸ್ಮಶಾನ ಇದೆ. ಎರಡನೇ ಮಹಾಯುದ್ಧದಲ್ಲಿ ಸತ್ತ 1,600ಕ್ಕೂ ಹೆಚ್ಚು ಜನರ ಸಮಾಧಿ ಅಲ್ಲಿದೆ. ನಿಮ್ಮವರ ಹೆಸರು ಇರಲಿಕ್ಕಿಲ್ಲ, ನಮ್ಮ ಮಾಮಾನದೂ ಇಲ್ಲ, ಆದರೂ ವರ್ಷಕ್ಕೊಮ್ಮೆ ಹೋಗುತ್ತೇವೆ. ಅಷ್ಟೊಂದು ಕಲ್ಲುಗಳ ಮೇಲಿನ ವಯಸ್ಸು ಓದುತ್ತಾ ನಡೆದರೆ ಸಾಕು, ಮಾತು ಬೇಕಾಗುವುದಿಲ್ಲ. ನಮ್ಮೂರುಗಳ ವೀರಗಲ್ಲು ಕೂಡ ಸಮಾಧಿಯೇ ಆಗಿರಬೇಕೆಂದಿಲ್ಲ, ಸತ್ತವನ ಹೆಸರು ಉಳಿಯಲಿ ಅಂತ ನಿಲ್ಲಿಸಿದ ಕಲ್ಲು ಅದು.

ಕೊನೆಗೆ ಒಂದು ಪುಟ ಬರೆಯಿರಿ. ಸಾವಿನ ಬಗ್ಗೆ ಎರಡೇ ಸಾಲು ಸಾಕು, ಬದುಕಿನ ಬಗ್ಗೆ ಜಾಸ್ತಿ ಇರಲಿ. ಯಾವ ಶಾಲೆ, ಏನು ಇಷ್ಟ, ಯಾರಿಗೆ ಪತ್ರ ಬರೆಯುತ್ತಿದ್ದ. ಗೊತ್ತಿಲ್ಲದ ಸಾಹಸ ಸುಮ್ನೆ ಸೇರಿಸಬೇಡಿ, ಮುಂದಿನವರು ಅದನ್ನೇ ನಿಜ ಅಂದುಕೊಳ್ಳುತ್ತಾರೆ. ನಮ್ಮ ಪುಟದಲ್ಲಿ ಮಾಮಾನಿಗೆ ಕಡಬು ಇಷ್ಟ ಅಂತ ಇದೆ, ಈಜು ಬರುತ್ತಿರಲಿಲ್ಲ ಅಂತ ಇದೆ. ಚತುರ್ದಶಿಯ ದಿನ ಊಟಕ್ಕೆ ಮೊದಲು ಮನೆಯ ಚಿಕ್ಕವರು ಅದನ್ನು ಗಟ್ಟಿಯಾಗಿ ಓದುತ್ತಾರೆ, ಆ ದಿನ ಎಡೆಯಲ್ಲಿ ಕಡಬು ಇರುತ್ತದೆ.