ಮುನ್ನೂರರ ಲೆನ್ಸಿಗೆ ಮಿಂಚುಳ್ಳಿ ಸಿಕ್ಕಿದ್ದು

300 ಮಿಲಿಮೀಟರಿನ ಲೆನ್ಸು ಹಿಡಿದು ಮಿಂಚುಳ್ಳಿಗೆ ಕಾಯುತ್ತೇನೆ ಎಂದರೆ ಜೊತೆಯವರು ನಗುತ್ತಿದ್ದರು. "500 ಇಲ್ಲದೆ ಆಗಲ್ಲ ಮಾರಾಯ, ಒಂದು ನೀಲಿ ಚುಕ್ಕೆ ಸಿಕ್ಕೀತು ಅಷ್ಟೆ" ಎಂದವರೇ ಈ ವಸಂತದ ಚಿತ್ರಗಳನ್ನು ನೋಡಿ "ಯಾವ ಲೆನ್ಸು?" ಎಂದು ಕೇಳಿದರು. ಅದೇ 300, ಬೆಳಕು ಒಳಬಿಡುವ ಕಿಂಡಿ ಎಫ್ 4. ಕ್ಯಾಮೆರಾ ಬಾಡಿಯೂ ಹಳೆಯದೇ, ಕ್ರಾಪ್ ಸೆನ್ಸರಿನದು, ಅಂದರೆ ಚಿಕ್ಕ ಸೆನ್ಸರಿನದು.

ಅವರ ಮಾತು ಕೇಳಿ ದುಡ್ಡು ಕಳೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಲೆನ್ಸಿನ ಅಳತೆ ದುಪ್ಪಟ್ಟು ಮಾಡುವ 2ಎಕ್ಸ್ ಟೆಲಿಕನ್ವರ್ಟರ್ ತಂದೆ. ಎಫ್ 4 ಹೋಗಿ ಎಫ್ 8 ಆಯಿತು, ಒಳಬರುವ ಬೆಳಕು ತಗ್ಗಿತು. ಬೆಳಗಿನ ಮಬ್ಬಿನಲ್ಲಿ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒ 6400 ದಾಟಿತು, ಫೋಕಸ್ ಹಿಂದೆ ಮುಂದೆ ಓಡಾಡುವುದು ನಿಲ್ಲಲೇ ಇಲ್ಲ. ಅರ್ಧ ಬೆಲೆಗೆ ಮಾರಿದೆ. ಮರೆಗೆಂದು ಕೊಂಡ ಗುಡಾರ ಸಣ್ಣ ಗಾಳಿಗೂ ಪಟಪಟ ಬಡಿದು, ಇದ್ದ ಹಕ್ಕಿಗಳನ್ನೂ ಓಡಿಸಿತು. ಕೊನೆಗೆ 600ರ ಲೆನ್ಸನ್ನು ಒಂದು ವಾರಕ್ಕೆ ಬಾಡಿಗೆಗೆ ತಂದೆ. 25 ಮೀಟರ್ ದೂರದಿಂದ ಹೊಡೆದದ್ದರಲ್ಲಿ ಬಿಸಿಲೇರಿದ ಮೇಲಿನ ಒಂದೂ ಚೂಪಾಗಿರಲಿಲ್ಲ. ಲೆನ್ಸೇ ಕೆಟ್ಟಿದೆ ಎಂದುಕೊಂಡಿದ್ದೆ. ಕೆಟ್ಟಿದ್ದು ನಡುವಿನ ಗಾಳಿ: ನೆಲ ಕಾದ ಮೇಲೆ ಅದು ನಡುಗುತ್ತದೆ, ದೂರ ಹೆಚ್ಚಿದಷ್ಟೂ ಗರಿಯೆಲ್ಲ ಕಲಸಿಹೋಗುತ್ತದೆ. ಒಟ್ಟಾರೆ 300ರ ಲೆನ್ಸಿಗೆ ಕೊಟ್ಟದ್ದರ ಮುಕ್ಕಾಲು ಪಾಲು ಹೀಗೆ ನೀರಿಗೆ ಹೋಯಿತು.

10 ಮೀಟರಿನಿಂದ 600ಕ್ಕೆ ಹಕ್ಕಿ ಎಷ್ಟು ದೊಡ್ಡದಾಗಿ ಕಾಣುತ್ತದೋ, 5 ಮೀಟರಿನಿಂದ 300ಕ್ಕೂ ಅಷ್ಟೇ. ಹಾಗಾದರೆ ಉಳಿದದ್ದು 5 ಮೀಟರಿಗೆ ಹೋಗುವುದು. ನಾನು ಹೋದರೆ ಹಕ್ಕಿ ಹಾರುತ್ತದೆ. ಹಕ್ಕಿಯೇ ಬರಬೇಕು.

ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ಹಿಕ್ಕೆ ಕಂಡರೆ ಅದು ದಿನಾ ಕೂರುವ ಜಾಗ. ಎರಡು ಸಂಜೆ ದೂರದಿಂದ ಬೈನಾಕ್ಯುಲರಿನಲ್ಲಿ ನೋಡುತ್ತೇನೆ. ಎರಡನೇ ಸಂಜೆ ಏನನ್ನು ನೋಡಿ ಚಾಪೆಯ ಜಾಗ ಗೊತ್ತು ಮಾಡುತ್ತೇನೆ ಎಂಬುದು ನನ್ನಲ್ಲೇ ಇರಲಿ. ಬೆಳಕು ಹರಿಯುವ ಅರ್ಧ ಗಂಟೆ ಮೊದಲೇ ಚಾಪೆ ಹಾಸಿ ಮಲಗಿ, ಕಂದು ಹೊದಿಕೆ ಎಳೆದುಕೊಂಡರೆ ಆಯಿತು. ಲೆನ್ಸು ನೀರಿಗಿಂತ ಒಂದು ಗೇಣು ಮೇಲೆ.

ಲೆನ್ಸಿಗೆ ಆಸರೆಯಾಗಿ ಅಡಿಗಿಡುವ ಚೀಲ, ಬೀನ್ ಬ್ಯಾಗಿನದು ಬೇರೆ ಪುರಾಣ. ಮೊದಲು ಕಾಳು ತುಂಬಿದ್ದೆ. ಮಳೆಗೆ ನೆನೆದದ್ದನ್ನು ಒಣಗಿಸದೆ ಮೂಲೆಗೆ ಎಸೆದಿದ್ದೆ, ನಾಲ್ಕು ದಿನಕ್ಕೆ ಹೊಲಿಗೆಯ ಸಂದಿಯಿಂದ ಮೊಳಕೆ ಇಣುಕಿತು. ಥರ್ಮೋಕೋಲ್ ಉಂಡೆ ತುಂಬಿದೆ. ಮೈ ಅಲುಗಿಸಿದರೆ ಕಿರಕಿರ. ಈಗ ಹಳೇ ಬಟ್ಟೆ ಚೂರು. ಖರ್ಚೂ ಇಲ್ಲ, ಸದ್ದೂ ಇಲ್ಲ.

ನಾನು ಚಾಪೆ ಹಿಡಿದ ಮೇಲೆ ಯಾವ ಹಕ್ಕಿ ಎಷ್ಟು ಹೊತ್ತಿಗೆ ಮರಳುತ್ತದೆ ಎಂದೂ ಗುರುತು ಹಾಕಿಕೊಂಡೆ. ಪಿಕಳಾರ ಹತ್ತು ನಿಮಿಷ, ಮಿಂಚುಳ್ಳಿ ಮುಕ್ಕಾಲರಿಂದ ಒಂದು ಗಂಟೆ, ಹೆಚ್ಚುಕಡಿಮೆ. ತೊಟ್ಟ ಬಟ್ಟೆಯ ಬಣ್ಣ ಬದಲಿಸಿ ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಕೈಗೆ ಗವಸು ಹಾಕಿದಾಗ ಕಂಡಿತು. ಹಕ್ಕಿಗೆ ಕಾಣುವುದು ಅಲುಗುವ ಕೈ ಎಂದೇ ನನ್ನ ನಂಬಿಕೆ.

ನೀರಿಗೆ ಧುಮುಕುವುದನ್ನು ಹಿಡಿಯಲು 1/3200 ಸೆಕೆಂಡಿನ ಶಟರಿನಲ್ಲಿ ಸುಮಾರು 600 ಫ್ರೇಮು ಹೊಡೆದೆ. ಸಿಕ್ಕಿದ್ದು ಬರೀ ನೀರಿನ ಚಿಮ್ಮು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಹಾರುವ ರೆಕ್ಕೆ ಸೊಟ್ಟಗಾಗುತ್ತದೆ, ಕೂತ ಹಕ್ಕಿಗೆ ಮಾತ್ರ ಅದು ಸರಿ. ಹಿಂದೆ ಕಪ್ಪು ನೀರಿದ್ದರೆ ಬೆಳಕು ಅಳೆಯುವ ಮೀಟರ್ ಮೋಸಹೋಗಿ, ಬೆಳಕು ಹೆಚ್ಚಾಗಿ ಹೊಟ್ಟೆಯ ಕಿತ್ತಳೆ ಸುಟ್ಟುಹೋಗುತ್ತದೆ. ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿಯೇ ಇಟ್ಟಿರುತ್ತೇನೆ.

ಒಂಬತ್ತನೇ ಬೆಳಗ್ಗೆ ಗಂಡು ಮಿಂಚುಳ್ಳಿ ಮೀನು ತಂದಿತು. ಕೊಂಬೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿಯಿತು. ತಾನೇ ನುಂಗುವುದಾದರೆ ಮೀನಿನ ತಲೆ ಗಂಟಲ ಕಡೆಗಿರುತ್ತದೆ. ಅವತ್ತು ಕೊಕ್ಕಿನಲ್ಲೇ ತಿರುಗಿಸಿ ತಲೆ ಹೊರಕ್ಕೆ ಮಾಡಿಕೊಂಡಿತು. ಬೆರಳನ್ನು ಶಟರಿನ ಮೇಲೆ ಬಿಗಿ ಹಿಡಿದೆ. ಕೆಳಕೊಕ್ಕು ಕೆಂಪಗಿದ್ದ ಹೆಣ್ಣು ಪಕ್ಕಕ್ಕೆ ಬಂದು ಕೂತು, ಬಾಗಿ ಮೀನು ತೆಗೆದುಕೊಂಡಿತು. ಎರಡು ಸೆಕೆಂಡು ಇರಬಹುದು. ಆ ಎರಡು ವಾರದಲ್ಲಿ ಹೊಡೆದ 1,400 ಚಿಲ್ಲರೆ ಫ್ರೇಮುಗಳಲ್ಲಿ ಉಳಿಸಿಕೊಂಡದ್ದು 11, ಅದರಲ್ಲಿ ನಾಲ್ಕು ಆ ಎರಡು ಸೆಕೆಂಡಿನವು.

ಆಮೇಲೆ ತಿಂಗಳ ಮೇಲೆ ಒಂದು ದಿನ ಮತ್ತೆ ಹೋದೆ. ಹೆಣ್ಣು ಪಕ್ಕದಲ್ಲಿರಲಿಲ್ಲ. ಗಂಡು ಹಕ್ಕಿ ಮೀನಿನ ತಲೆ ಹೊರಕ್ಕೆ ಮಾಡಿಕೊಂಡು ನೇರ ಮಣ್ಣಿನ ದಂಡೆಯ ಕಡೆ ಹಾರಿತು, ಬರಿಗೊಕ್ಕಿನಲ್ಲಿ ಬಂದು ಮತ್ತೊಂದು ಮೀನು ಹಿಡಿದು ಅತ್ತಲೇ ಹೋಯಿತು. ಮರಿಯಾಗಿವೆ. ಅದು ಆಚೆ ಹೋದ ಗಳಿಗೆ ನೋಡಿ ಚಾಪೆ ಸುತ್ತಿಕೊಂಡು ಎದ್ದೆ, ಕ್ಯಾಮೆರಾ ಚೀಲದಿಂದ ಹೊರಗೆ ತೆಗೆದೇ ಇರಲಿಲ್ಲ.