ದಾಳ ಬೇಡ, ನೂಲು ಸಾಕು: ಆ್ಯಪ್ ಕೆಡುವುದನ್ನು ಆಡಿ ತೋರಿಸುವ ಬಗೆ

ಚೆನ್ನಾಗಿದ್ದ ಆ್ಯಪ್ ಯಾಕೆ ಕೆಡುತ್ತದೆ ಎಂದು ತೋರಿಸಲು ನಾವು ಮೊದಲು ಮಾಡಿದ್ದು ಹಾವು-ಏಣಿ. ಅದು ಕೆಲಸಕ್ಕೆ ಬರಲಿಲ್ಲ. ದಾಳ ಇದ್ದರೆ ಆಡುವವರು ಹಣೆಬರಹವನ್ನು ಬೈಯುತ್ತಾರೆ, ಕಂಪನಿಯ ಲೆಕ್ಕಾಚಾರ ಕಣ್ಣಿಗೇ ಬೀಳುವುದಿಲ್ಲ. ಕ್ವಿಜ್ ಇನ್ನೂ ಕಳಪೆ. ಹೆಸರು, ಇಸವಿ ನೆನಪಿದ್ದವರು ಗೆಲ್ಲುತ್ತಾರೆ, ಅಷ್ಟೆ.

ಈಗ ಆಡಿಸುವುದಕ್ಕೆ ಬೇಕಾದ್ದು 30 ಬಿಲ್ಲೆ, ಮೂರು ಬಣ್ಣದ ಉಣ್ಣೆ ನೂಲು, ಆರು ಜನ: ಒಬ್ಬರು ಕಂಪನಿ, ಮೂವರು ಬಳಕೆದಾರರು, ಇಬ್ಬರು ಮಾರಾಟಗಾರರು. ಒಟ್ಟು ಒಂಬತ್ತು ಸುತ್ತು. 30 ಬಿಲ್ಲೆಯೂ ಹೂಡಿಕೆದಾರರದ್ದು. ಆಟ ಮುಗಿಯುವಷ್ಟರಲ್ಲಿ 24 ಹಿಂತಿರುಗಿಸಿದರೆ ಕಂಪನಿ ಗೆದ್ದಂತೆ. ಈ ಸಾಲ ಇಡದಿದ್ದರೆ ಕಂಪನಿಯಾದವರು ದುಷ್ಟರಂತೆ ನಟಿಸುತ್ತಾರೆ, ಆಟ ನಾಟಕವಾಗುತ್ತದೆ.

ಸುತ್ತು 1ರಿಂದ 3: ಕಂಪನಿ ಪ್ರತಿ ಬಳಕೆದಾರರಿಗೆ ಸುತ್ತಿಗೆ 2 ಬಿಲ್ಲೆ ಕೊಡುತ್ತದೆ. ಪ್ರತಿ ಬಳಕೆದಾರರು ಸುತ್ತಿಗೊಂದು ನೂಲನ್ನು ಇನ್ನೊಬ್ಬ ಬಳಕೆದಾರರ ಕೈಗೆ ಕಟ್ಟಬೇಕು; ನೂಲೆಂದರೆ ಆ್ಯಪ್‌ನಲ್ಲಿ ಬೆಳೆಯುವ ಗೆಳೆತನ, ಸಂಪರ್ಕ. ಬಣ್ಣ ಬೇರೆ ಇರಲೇಬೇಕು, ಇಲ್ಲವಾದರೆ ಯಾರ ನೂಲು ಯಾವುದೆಂದು ಜಗಳವೇ ಆಗುತ್ತದೆ.

4ರಿಂದ 6: ಬಳಕೆದಾರರಿಗೆ ಉಡುಗೊರೆ ಬಂದ್. ಪ್ರತಿ ಮಾರಾಟಗಾರರಿಗೆ ಸುತ್ತಿಗೆ 2; ಪ್ರತಿ ಬಳಕೆದಾರರು ಸುತ್ತಿಗೆ 1 ಕೊಟ್ಟು ಅವರಲ್ಲಿ ಖರೀದಿ ಮಾಡುತ್ತಾರೆ. ಆರನೇ ಸುತ್ತು ಮುಗಿದಾಗ ಕಂಪನಿಯ ಕೈ ಖಾಲಿ, ಬಳಕೆದಾರರ ಬಳಿ 9, ಮಾರಾಟಗಾರರ ಬಳಿ 21.

7ರಿಂದ 9: ವಸೂಲಿ. ಎಷ್ಟೆಂಬುದು ಕಂಪನಿಯ ಇಷ್ಟ. ಬಿಟ್ಟು ಹೋಗುವ ಬಳಕೆದಾರರು ತಾವು ಕಟ್ಟಿದ ಪ್ರತಿ ನೂಲಿಗೆ 1 ಬಿಲ್ಲೆ ಆಟದಿಂದ ಹೊರಗೆ ಹಾಕಬೇಕು. ಬಿಟ್ಟು ಹೋಗುವವರು ಮಾರಾಟಗಾರರಾದರೆ, ಆಟದಲ್ಲಿ ಉಳಿದಿರುವ ಪ್ರತಿ ಬಳಕೆದಾರರಿಗೆ 3 ಬಿಲ್ಲೆಯ ಲೆಕ್ಕದಲ್ಲಿ ಹೊರಗೆ ಹಾಕಬೇಕು.

ಸೊಗಸಿರುವುದು ಇಲ್ಲೇ. ಪ್ರತಿ ಬಳಕೆದಾರರ ಕೈಯಲ್ಲಿ 3 ಬಿಲ್ಲೆ, ಅವರು ಕಟ್ಟಿದ್ದೂ 3 ನೂಲು. ಜಾಣ ಕಂಪನಿ ಮೂರು ಸುತ್ತಿನಲ್ಲಿ ತಲೆಗೆ 2 ಮಾತ್ರ ಕೀಳುತ್ತದೆ. ಹೋದರೆ 3, ಇದ್ದರೆ 2, ಗೊಣಗುತ್ತಾ ಉಳಿಯುತ್ತಾರೆ. ಮೂವರು ಬಳಕೆದಾರರೂ ಉಳಿದಿದ್ದರೆ ಮಾರಾಟಗಾರರು ಹೋಗಲು ತಲೆಗೆ 9 ತೆರಬೇಕು; ಆ 9ನ್ನೇ ಕಂಪನಿ ಕಿತ್ತರೆ 18, ಬಳಕೆದಾರರ 6 ಕೂಡಿದರೆ 24 ಸರಿಯಾಯಿತು. ಅತಿಯಾಸೆಯ ಕಂಪನಿ ಒಂದೇ ಸಲಕ್ಕೆ 3 ಕೇಳಿದರೆ ರೇಗಿ ಒಬ್ಬರು ಎದ್ದು ಹೋಗುತ್ತಾರೆ. ಅವರಿಗೆ ಕಟ್ಟಿದ್ದ ನೂಲೆಲ್ಲ ಬಿಚ್ಚಿಹೋಗಿ ಉಳಿದವರಿಗೆ ಹೊರಡುವುದು ಅಗ್ಗವಾಗುತ್ತದೆ. ಜಾಲ ಕುಸಿಯುವುದು ಹೀಗೆ.

ಈ ಮೂರು ಹಂತಗಳ (ಬಳಕೆದಾರರಿಗೆ ಉಡುಗೊರೆ, ಮಾರಾಟಗಾರರಿಗೆ ಉಡುಗೊರೆ, ವಸೂಲಿ) ಹೆಸರನ್ನು ಮುಂಚೆ ಹೇಳಬೇಡಿ, ಹೇಳಿದರೆ ಆರಂಭದಲ್ಲೇ ಎಲ್ಲರೂ ಹುಷಾರಾಗುತ್ತಾರೆ. ಆ್ಯಪ್‌ಗಳು ಹೀಗೆ ಹಂತಹಂತವಾಗಿ ಕೆಡುವುದಕ್ಕೆ ಲೇಖಕ ಕೋರಿ ಡಾಕ್ಟರೋ 2022ರಲ್ಲಿ ಇಟ್ಟ 'ಎನ್‌ಶಿಟಿಫಿಕೇಷನ್' ಎಂಬ ಒರಟು ಹೆಸರು ಆಟ ಮುಗಿದ ಮೇಲೆ ಬಂದರೇ ಚೆಂದ.

ಆಟವನ್ನು ಎರಡು ಸಲ ಆಡಿಸಬೇಕು. ಮೊದಲ ಆಟದಲ್ಲಿ ಮಾತಾಡಿಕೊಳ್ಳುವಂತಿಲ್ಲ. ಎರಡನೆಯದರಲ್ಲಿ ಒಂದು ನಿಯಮ ಬದಲು: ಹೋಗುವವರ ಜೊತೆ ನೂಲೂ ಹೋಗುತ್ತದೆ, ದಂಡವಿಲ್ಲ. ಇಮೇಲ್ ಹಾಗೇ ಅಲ್ಲವೇ, ಯಾವ ಕಂಪನಿಯಿಂದ ಯಾವುದಕ್ಕಾದರೂ ಹೋಗುತ್ತದೆ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಆಕ್ಟ್ ಎಂಬ ಕಾನೂನು ದೊಡ್ಡ ಮೆಸೇಜಿಂಗ್ ಸೇವೆಗಳಿಂದ ಕೇಳುವುದೂ ಇಂಥದ್ದನ್ನೇ: ಬೇರೆ ಸೇವೆಯವರ ಜೊತೆಗೂ ಸಂದೇಶ ಹೋಗಿಬರಬೇಕು. ಮೂವರು ಬಳಕೆದಾರರೂ ಏಳನೇ ಸುತ್ತಿನಲ್ಲೇ ಬಿಲ್ಲೆ ಸಮೇತ ಎದ್ದರೆ ಉಳಿಯುವುದು ಮಾರಾಟಗಾರರ 21, ಸಾಲ ತೀರದು. ಅದಕ್ಕೇ ಈ ಸಲ ಕಂಪನಿ ಕೇಳುವ ಮೊದಲು ಎಲ್ಲರ ಮುಖ ನೋಡುತ್ತದೆ.

ಒಂದೇ ಆಟಕ್ಕೆ ಎರಡು ನಿಯಮ ಎಂಬುದು ಹೊಸತೇನಲ್ಲ. ಎಲಿಜಬೆತ್ ಮ್ಯಾಗಿ 1904ರಲ್ಲಿ ಪೇಟೆಂಟ್ ಪಡೆದ, ಮುಂದೆ ಮೊನಾಪಲಿಗೆ ಮೂಲವಾದ ಆಟವನ್ನೂ ಎರಡು ಬಗೆಯ ನಿಯಮದಲ್ಲಿ ಆಡಬಹುದಿತ್ತು. ಜನಪ್ರಿಯವಾಗಿ ಉಳಿದದ್ದು ಒಬ್ಬರೇ ಎಲ್ಲವನ್ನೂ ಬಾಚಿಕೊಳ್ಳುವ ಬಗೆ; ಲಾಭ ಎಲ್ಲರಿಗೂ ಸಿಗುವ ಬಗೆ ಮರೆತುಹೋಯಿತು. ಹಾಗಾಗಿ ಸಮಯ ಕಮ್ಮಿ ಬಿದ್ದರೆ ಮೊದಲ ಆಟವನ್ನು ಮೊಟಕು ಮಾಡಿ, ಎರಡನೆಯದನ್ನು ಬಿಡಬೇಡಿ. ಜಾಹೀರಾತಿನ ಕಾರ್ಡು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸೇರಿಸಿದರೆ ಜನ ಕಾರ್ಡು ಓದುತ್ತಾ ಕೂರುತ್ತಾರೆ, ನೂಲನ್ನು ಮರೆಯುತ್ತಾರೆ.